ಕಾಲು ಒತ್ತಿದಾಗೋ, ಬಿಟ್ಟಾಗೋ?

ಟರ್ಬೊ (ಎಂಜಿನ್ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೇ ಗಾಳಿ ಒತ್ತಿ ತುಂಬುವ ಪಂಪು) ಇರುವ ಗಾಡಿ ಸದ್ದಿಲ್ಲದೆ ಓಡುವುದಿಲ್ಲ. ಅದಕ್ಕೆ ಯಾರೋ ಮೊದಲೇ ಕೈ ಹಾಕಿ ಮಾಡಿಫೈ ಮಾಡಿದ್ದರಂತೂ ಕೇಳಲೇಬೇಡಿ. ಅದರಲ್ಲಿ ಇರಬೇಕಾದ ಸದ್ದು ಯಾವುದು, ಇರಬಾರದ್ದು ಯಾವುದು ಅಂತ ಬೇರೆ ಮಾಡುವುದರಲ್ಲೇ ಅರ್ಧ ಜೀವ ಹೋಗುತ್ತದೆ. ಹುಬ್ಬಳ್ಳಿಯಲ್ಲಿ ಇಂಥ ಗಾಡಿ ಇಟ್ಟುಕೊಂಡವರು ಕಡಿಮೆ. ಸಲಹೆ ಕೊಡುವವರು ಮಾತ್ರ ಬೇಕಾದಷ್ಟು.

ನನ್ನದು ಸೆಕೆಂಡ್‌ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 2017ರಲ್ಲಿ ಭಾರತಕ್ಕೆ ಬಂದ ಮಾದರಿ. 1984 ಸಿಸಿ ಪೆಟ್ರೋಲ್ ಎಂಜಿನ್, ಕಂಪನಿ ಲೆಕ್ಕದಲ್ಲಿ 230 ಎಚ್‌ಪಿ, 350 ನ್ಯೂಟನ್ ಮೀಟರ್ ಟಾರ್ಕ್, ಆರು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹೊರಗಿನಿಂದ ನೋಡಿದರೆ ಮನೆಮಂದಿಯೆಲ್ಲ ಕೂತು ಸವದತ್ತಿ ಯಲ್ಲಮ್ಮಗೆ ಹೋಗಿಬರುವಂಥ ಗಾಡಿ, ಡಿಕ್ಕಿಯಲ್ಲಿ ಬುತ್ತಿಗಂಟು ಎಷ್ಟು ಬೇಕಾದರೂ ಹಿಡಿಯುತ್ತದೆ. ಇದನ್ನು ಸ್ಪೋರ್ಟ್ಸ್ ಕಾರು ಅನ್ನಬೇಕೋ ಬೇಡವೋ ಅಂತ ವಾದ ಮಾಡುವವರಿದ್ದಾರೆ. ಪಕ್ಕದ ಸೀಟಿನಲ್ಲಿ ಒಮ್ಮೆ ಕೂರಿಸಿಕೊಂಡು ಹೋಗಿ ಬಂದರೆ ಸುಮ್ಮನಾಗುತ್ತಾರೆ.

ನನ್ನ ಕೈಗೆ ಬರುವ ಮೊದಲೇ ಬೆಂಗಳೂರಿನ ಹಳೇ ಮಾಲೀಕರು ಇದಕ್ಕೆ ಸಾಕಷ್ಟು ಸುರಿದಿದ್ದರು. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ರೀಮ್ಯಾಪ್ ಆಗಿತ್ತು. ಹಾಗಾಗಿ ಟರ್ಬೊ ಕಂಪನಿ ಇಟ್ಟದ್ದಕ್ಕಿಂತ ಜಾಸ್ತಿ ಒತ್ತಡದಲ್ಲಿ ಗಾಳಿ ತುಂಬುತ್ತದೆ. ಏರ್ ಫಿಲ್ಟರಿನ ಡಬ್ಬಿ ತೆಗೆದು ತೆರೆದ ಕೋನ್ ಫಿಲ್ಟರ್ ಹಾಕಿಸಿದ್ದರು. ಅಲ್ಲಿಂದ ಟರ್ಬೊಗೆ ಹೋಗುವ ಪೈಪು ಸಿಲಿಕಾನಿನದು. ಟರ್ಬೊದಿಂದ ಗಾಳಿ ಹೊರಬೀಳುವ ಜಾಗದಲ್ಲಿ ಕಂಪನಿ ಒಂದು ಸಣ್ಣ ಮಫ್ಲರ್ ಇಟ್ಟಿರುತ್ತದೆ. ಟರ್ಬೊದ ಕೀರಲು ದನಿ ಒಳಗೆ ಕೇಳದಿರಲಿ ಅಂತ. ಅದನ್ನು ಕಿತ್ತು ನೇರವಾದ ಅಲ್ಯೂಮಿನಿಯಂ ಕೊಳವೆ ಕೂರಿಸಿದ್ದರು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ತುಂಬಿದ ಗಾಳಿಯನ್ನು ವಾಪಸ್ ಕಳಿಸುವ ಡೈವರ್ಟರ್ ವಾಲ್ವಿನ ಕೆಳಗೆ ಒಂದು ಸ್ಪೇಸರ್ ತಟ್ಟೆಯೂ ಇತ್ತು. ಅದರ ಕೆಲಸ ಒಂದೇ, ಕಾಲು ತೆಗೆದಾಗ ‘ಪ್ಶ್ಶ್’ ಅನ್ನಿಸುವುದು. ಹುಡುಗರಿಗೆ ಈ ಪ್ಶ್ಶ್ ಅಂದರೆ ಪ್ರಾಣ. ನನಗೂ ಇಷ್ಟವಿಲ್ಲ ಅಂತೇನಲ್ಲ.

ಇಷ್ಟೆಲ್ಲ ಇದ್ದ ಮೇಲೆ ಗಾಡಿ ದಿನಾ ಏನಾದರೊಂದು ಮಾತಾಡುತ್ತಲೇ ಇತ್ತು. ಮಳೆಗಾಲ ಮುಗಿದ ಮೇಲೆ ಅದರಲ್ಲಿ ಒಂದು ಹೊಸ ದನಿ ಸೇರಿತು. ಹಗುರಾಗಿ ಕಾಲಿಟ್ಟು ಏರು ಹತ್ತುವಾಗ, ಎಂಜಿನ್ ನಿಮಿಷಕ್ಕೆ 2200ರಿಂದ 2800 ಸುತ್ತು (ಆರ್‌ಪಿಎಂ) ತಿರುಗುವಾಗ, ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ ‘ಹೂಂ’ ಅನ್ನುವುದು. ಇನ್ನೂ ಒತ್ತಿದರೆ ದನಿ ತೆಳುವಾಗಿ ‘ಸ್ಸ್’ ಆಗಿ, ಫಿಲ್ಟರಿನ ಗದ್ದಲದಲ್ಲಿ ಕಳೆದುಹೋಗುತ್ತಿತ್ತು. ಅದರ ಜೊತೆ ಇನ್ನೊಂದು. ಕಾಲು ಅರ್ಧ ತೆಗೆದಾಗ ‘ಟುಟುಟುಟು’ ಅಂತ ಪಡಪಡಿಸುವುದು. ಇದು ಮೊದಲೂ ಇತ್ತೇನೋ. ಹೂಂಕಾರ ಶುರುವಾದ ಮೇಲೆ ಕಿವಿ ಚುರುಕಾಗಿ ಅದೂ ದೊಡ್ಡದಾಗಿ ಕೇಳತೊಡಗಿತು.

ದೋಸ್ತನೊಬ್ಬ ಒಂದು ರೌಂಡ್ ಬಂದು, “ಟರ್ಬೊ ಹೋತಲೇ, ಲಕ್ಷ ರೂಪಾಯಿ ತೆಗದ್ ಇಟ್ಕೊ” ಅಂದ. ಇನ್ನೊಬ್ಬ ಡೈವರ್ಟರ್ ವಾಲ್ವೇ ಅಂತ ಆಣೆ ಹಾಕಿದ. ಮೂರನೆಯವನು ಪಿಸಿವಿ ಅಂದ, ಅಂದರೆ ಎಂಜಿನ್ ಹೊಟ್ಟೆಯ ಆವಿಯನ್ನು ಗಾಳಿಯ ದಾರಿಗೆ ಬಿಡುವ ವಾಲ್ವ್. ಸರ್ವಿಸ್ ಸೆಂಟರಿನಲ್ಲಿ ಬಾನೆಟ್ ಎತ್ತಿದವರು ಕೋನ್ ಫಿಲ್ಟರ್ ನೋಡಿದ ಕೂಡಲೇ ಬಾನೆಟ್ ಇಳಿಸಿದರು. “ಎಲ್ಲಾ ಕಂಪನಿ ಫಿಟ್ಟಿಂಗ್ ಮಾಡಿಸ್ಕೊಂಡು ಬರ್ರಿ, ಆಮೇಲೆ ನೋಡೋಣ” ಅಂದರು. ಅವರದ್ದೂ ತಪ್ಪೇನಿಲ್ಲ. ಏನೇನು ಹಾಕಿದ್ದಾರೆ ಅಂತ ಗೊತ್ತಿಲ್ಲದ ಗಾಡಿಗೆ ಯಾರು ಜವಾಬ್ದಾರಿ ತಗೋತಾರೆ?

ಮೊದಲು ಊರಲ್ಲೇ ಒಂದು ಗ್ಯಾರೇಜಿನಲ್ಲಿ ಸ್ಮೋಕ್ ಟೆಸ್ಟ್ ಮಾಡಿಸಿದೆ. ಗಾಳಿ ಹೋಗುವ ದಾರಿಗೆ ಹೊಗೆ ತುಂಬಿಸುತ್ತಾರೆ, ಎಲ್ಲಿ ಸೋರಿಕೆ ಇದೆಯೋ ಅಲ್ಲಿಂದ ಹೊಗೆ ಎದ್ದು ಬರುತ್ತದೆ. ನೋಡಲು ಚೆನ್ನಾಗಿದೆ. ನನ್ನ ಗಾಡಿಯಲ್ಲಿ ಎಲ್ಲೂ ಹೊಗೆ ಏಳಲಿಲ್ಲ. “ಲೀಕ್ ಇಲ್ಲ ಸರ್” ಅಂತ ಚೀಟಿ ಬರೆದುಕೊಟ್ಟರು. ಗಾಡಿ ಗೇಟು ದಾಟಿ ರಸ್ತೆಗೆ ಬಂದದ್ದೇ ತಡ, ಹೂಂ ಅಂದಿತು.

ಹಾಗಾದರೆ ನಾನೇ ನೋಡೋಣ ಅಂತ ಇಸಿಯುವಿನ ಅಂಕಿಗಳನ್ನು ಓದುವ ಓಬಿಡಿ ಡಾಂಗಲ್ ಚುಚ್ಚಿ ಲಾಗ್ (ಆ ಅಂಕಿಗಳ ದಾಖಲೆ) ತೆಗೆಯಲು ಕೂತೆ. ಇಗ್ನಿಷನ್ ಆನ್ ಮಾಡಿ ಎಂಜಿನ್ ಚಾಲೂ ಮಾಡದೆ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ನೋಡಿದರೆ ಅದು ನಮ್ಮೂರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನನ್ನದು 935 ಮಿಲಿಬಾರ್ ಆಸುಪಾಸು ತೋರಿಸಿತು. ಸಮುದ್ರ ಮಟ್ಟದಲ್ಲಿ ಇದು 1013 ಇರುತ್ತದೆ. ಹುಬ್ಬಳ್ಳಿ ಸುಮಾರು 670 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇದು ಸರಿ. ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಅಂತ ಅಷ್ಟಾದರೂ ಖಾತ್ರಿಯಾಯಿತು. ಮುಂಬೈ ಕಡೆಯವರ ಲಾಗ್ ಹಿಡಿದು ನಮ್ಮದಕ್ಕೆ ಹೋಲಿಸುವವರು ಈ ವ್ಯತ್ಯಾಸ ಮರೆಯುತ್ತಾರೆ. ಲಾಗ್‌ನಲ್ಲಿ 2250 ಅಂತ ಇದ್ದರೆ ಅದರಲ್ಲಿ 935 ಕಳೆದು ಉಳಿದದ್ದು ಟರ್ಬೊ ಕೊಟ್ಟ ಒತ್ತಡ. ಅಂದರೆ ಇಲ್ಲಿ 1.3 ಬಾರ್, ಟೈರಿನ ಲೆಕ್ಕದಲ್ಲಿ 19 ಪಿಎಸ್‌ಐ.

ಲಾಗ್ ತೆಗೆಯಲು ಮೂರನೇ ಗೇರು ಒಳ್ಳೆಯದು ಅಂತಾರೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಅಷ್ಟು ಎಳೆಯುವುದು ಬೇಡ. ಎರಡನೇ ಗೇರಿನಲ್ಲಿ 5000 ದಾಟಿದರೂ ವೇಗ ಎಂಬತ್ತು ಮೀರುವುದಿಲ್ಲ, ನನ್ನ ಕೆಲಸಕ್ಕೆ ಅಷ್ಟು ಸಾಕಾಯಿತು. ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ. ಬೆಳಗ್ಗೆ ಆ ಕಡೆ ಹೊರಟರೆ ಅಲ್ಲಲ್ಲಿ ಏರು ಸಿಗುತ್ತದೆ, ಎಂಜಿನ್ ಮೇಲೆ ಭಾರ ಬೀಳುತ್ತದೆ. ಪಕ್ಕದಲ್ಲಿ ದೋಸ್ತ ಲ್ಯಾಪ್‌ಟಾಪ್ ಹಿಡಿದು ಕೂತ.

ಇಸಿಯು ಕೇಳಿದ ಒತ್ತಡ ಒಂದು ಗೆರೆ, ನಿಜವಾಗಿ ಸಿಕ್ಕಿದ್ದು ಇನ್ನೊಂದು ಗೆರೆ. ಎರಡೂ 4500ರವರೆಗೆ ಅಂಟಿಕೊಂಡೇ ಹೋದವು. ಆಮೇಲೆ ಸಿಕ್ಕಿದ್ದು ಕೆಳಗೆ ಜಾರಿತು. ಇಲ್ಲೊಂದು ವಿಷಯ ತಿಳಿದಿರಬೇಕು. ಸಣ್ಣಪುಟ್ಟ ಸೋರಿಕೆಯನ್ನು ಇಸಿಯು ಮುಚ್ಚಿಡುತ್ತದೆ. ಗಾಳಿ ಕಡಿಮೆ ಬಿತ್ತು ಅಂದರೆ ಹೆಚ್ಚಾದ ಹೊಗೆಯನ್ನು ಟರ್ಬೊಗೆ ತಾಗದಂತೆ ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟನ್ನು ಇನ್ನಷ್ಟು ಮುಚ್ಚಿ, ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಲೆಕ್ಕ ಸರಿ ಮಾಡುತ್ತದೆ. ಹಾಗಾಗಿ ಚಾಲಕನಿಗೆ ಪಿಕಪ್ ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ, ಡ್ಯಾಶ್‌ಬೋರ್ಡ್‌ನಲ್ಲಿ ದೀಪವೂ ಹತ್ತುವುದಿಲ್ಲ. ಮೇಲಿನ ಆರ್‌ಪಿಎಂನಲ್ಲಿ ಟರ್ಬೊ ತನ್ನ ಕೈಲಾದಷ್ಟು ಮಾಡಿ ಸೋತಾಗ ಮಾತ್ರ ಗೆರೆ ಬೀಳುತ್ತದೆ. ಈ ಸಣ್ಣ ಟರ್ಬೊಗಳ ಶಾಫ್ಟ್ ಮೊದಲೇ ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ದಾಟುತ್ತದೆ. ಅದರ ಮೇಲೆ ಸೋರಿಕೆಯ ಸಾಲವನ್ನೂ ತೀರಿಸು ಅಂದರೆ ಹೇಗೆ?

ಸೋರಿಕೆ ಇದೆ ಅಂತ ಲಾಗ್ ಹೇಳುತ್ತದೆ, ಇಲ್ಲ ಅಂತ ಹೊಗೆ ಹೇಳುತ್ತದೆ. ಈ ಗೊಂದಲದಲ್ಲೇ ಗೋಕುಲ ರಸ್ತೆಯ ಕಾಕಾನ ಹತ್ತಿರ ಹೋದದ್ದು.

ವಾಯವ್ಯ ಸಾರಿಗೆಯ ಕಚೇರಿ, ದೊಡ್ಡ ಕಾರ್ಖಾನೆಗಳು, ವಿಮಾನ ನಿಲ್ದಾಣ ಎಲ್ಲ ಇರುವ ರಸ್ತೆ ಅದು. ಒಳಗಿನ ಓಣಿಗಳಲ್ಲಿ ಲಾರಿ, ಟ್ರ್ಯಾಕ್ಟರ್ ಕೆಲಸದವರು ಸಾಲಾಗಿ ಇದ್ದಾರೆ. ಕಾಕಾ ಮಾಡುವುದು ಡೀಸೆಲ್ ಲಾರಿಗಳ ಟರ್ಬೊ ರಿಪೇರಿ ಮಾತ್ರ. ಪೆಟ್ರೋಲ್ ಕಾರು ಅಂದರೆ ಮೂಗು ಮುರಿಯುತ್ತಾರೆ. ಅಂಗಡಿಯ ಗೋಡೆಗೆ ಹಳೇ ಸೈಕಲ್ ಕಡ್ಡಿಗಳನ್ನು ಬಗ್ಗಿಸಿ ಹೊಡೆದಿದ್ದಾರೆ, ಅವುಗಳ ತುಂಬ ಸೈಜಿನ ಪ್ರಕಾರ ಓ-ರಿಂಗ್‌ಗಳು, ಅಂದರೆ ಸಂದಿ ಮುಚ್ಚುವ ರಬ್ಬರ್ ಬಳೆಗಳು. ಕಪ್ಪು ಒಂದು ಕಡೆ, ಕಂದು, ಹಸಿರು ಇನ್ನೊಂದು ಕಡೆ. ಬೆಂಚಿನ ಮೇಲೆ ಬಿಚ್ಚಿಟ್ಟ ಟರ್ಬೊಗಳ ಸಾಲು, ನನ್ನ ಗಾಡಿಯದ್ದಕ್ಕಿಂತ ಮೂರು ಪಟ್ಟು ದೊಡ್ಡವು.

ಬಾನೆಟ್ ಎತ್ತಲೂ ಬಿಡಲಿಲ್ಲ. ಕೂತಲ್ಲಿಂದಲೇ ಕೇಳಿದರು.

“ಒದರೂದು ಯಾವಾಗ? ಕಾಲು ಒತ್ತಿದಾಗೋ, ಬಿಟ್ಟಾಗೋ?”

“ಎರಡೂ ಅದಾವ್ರಿ ಕಾಕಾ. ಒತ್ತಿದಾಗ ಒಂದು ನಮೂನಿ, ಬಿಟ್ಟಾಗ ಒಂದು ನಮೂನಿ.”

“ಹಂಗಾದ್ರ ಎರಡು ಬ್ಯಾರೆ ಕೆಲಸ. ಒಂದ ಮಾಡಿ ಹೇಳಬ್ಯಾಡ್ರಿ. ನಿಂತಾಗ?”

“ನಿಂತಾಗ ಏನೂ ಇಲ್ರಿ.”

“ಹಂಗಾದ್ರ ಎಳಿಯೂದರಾಗ ಇಲ್ಲ, ಒತ್ತೂದರಾಗ ಐತಿ. ನಡೀರಿ, ಒಂದ್ ರೌಂಡ್ ಹೋಗೂಣು.”

ಅಷ್ಟೂ ಜನ ಹೇಳಿದ ಬಿಡಿಭಾಗಗಳ ಹೆಸರಿಗಿಂತ ಈ ಮೂರು ಪ್ರಶ್ನೆಗೆ ಬೆಲೆ ಜಾಸ್ತಿ. ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿದ್ದಾಗ, ಅಂದರೆ ನಿಂತಲ್ಲೇ ಚಾಲೂ ಇದ್ದಾಗ, ಥ್ರಾಟಲ್ (ಗಾಳಿ ಒಳಹೋಗುವ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುತ್ತದೆ, ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಇರುತ್ತದೆ. ಆಗ ಸೀಟಿ ಬಂದರೆ ಎಲ್ಲೋ ಹೊರಗಿನ ಗಾಳಿಯನ್ನು ಒಳಗೆ ಎಳೆಯುತ್ತಿದೆ ಅಂತ ಅರ್ಥ. ಪಿಸಿವಿಯ ಪೊರೆ ಹರಿದಿರಬಹುದು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಹೋಗಿರಬಹುದು. ಕಾಲು ಒತ್ತಿ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ಏರುವಾಗ ಮಾತ್ರ ದನಿ ಬಂದರೆ ಟರ್ಬೊದಿಂದ ಥ್ರಾಟಲ್‌ವರೆಗಿನ ಒತ್ತಡದ ದಾರಿಯಲ್ಲಿ ಎಲ್ಲೋ ಗಾಳಿ ಹೊರಗೆ ನುಗ್ಗುತ್ತಿದೆ, ಇಲ್ಲವೇ ಟರ್ಬೊದ ಚಕ್ರಕ್ಕೇ ಏನೋ ಆಗಿದೆ. ಕಾಲು ತೆಗೆದಾಗ ಮಾತ್ರ ಅಂದರೆ, ತುಂಬಿದ ಗಾಳಿ ವಾಪಸ್ ಹೋಗುವ ದಾರಿ ನೋಡಬೇಕು. ಇದೇನು ಗುಟ್ಟಲ್ಲ. ಆದರೆ ಯಾರೂ ಇದನ್ನು ಮೊದಲು ಕೇಳುವುದಿಲ್ಲ, ಎಲ್ಲರೂ ನೇರವಾಗಿ ಪಾರ್ಟಿನ ಹೆಸರಿಗೇ ಬರುತ್ತಾರೆ.

ರೌಂಡಿನಲ್ಲಿ ಕಾಕಾ ಕಿಟಕಿ ಇಳಿಸಿ, ಒಂದು ಕಾರ್ಖಾನೆಯ ಉದ್ದ ಕಾಂಪೌಂಡ್ ಗೋಡೆಯ ಪಕ್ಕಕ್ಕೇ ಓಡಿಸಲು ಹೇಳಿದರು. ಗೋಡೆಗೆ ಬಡಿದು ಸದ್ದು ವಾಪಸ್ ಬರುತ್ತದೆ. ಒಳಗೆ ಕೂತವನಿಗೆ ಕೇಳದ್ದು ಆಗ ಕೇಳುತ್ತದೆ. ಬಾನೆಟ್ಟಿನ ಹಿಂಭಾಗದಿಂದ, ಅಂದರೆ ಫೈರ್‌ವಾಲ್ ಕಡೆಯಿಂದ ದನಿ ಬರುತ್ತಿದೆ ಅಂತ ನನಗೂ ಆಗ ಗೊತ್ತಾಯಿತು. ಈ ಗಾಡಿಯಲ್ಲಿ ಟರ್ಬೊ ಇರುವುದೂ ಅದೇ ಕಡೆ. ನನ್ನ ಎದೆ ಢವ ಅಂದಿತು.

“ಟರ್ಬೊ ಹೋಗೇತಿ ಅಂತಾರ್ರಿ ಎಲ್ಲಾರೂ.”

“ಹೋದ ಟರ್ಬೊ ಇಷ್ಟು ಚಂದ ಹಾಡೂದಿಲ್ಲ.”

ಅವರ ಲೆಕ್ಕ ಹೀಗೆ. ಟರ್ಬೊದೊಳಗೆ ಗಾಳಿ ಒತ್ತುವ ಕಂಪ್ರೆಸರ್ ಚಕ್ರದ ಬ್ಲೇಡ್ ಮುಕ್ಕಾದರೆ ಅಥವಾ ಶಾಫ್ಟ್ ಸವೆದು ಚಕ್ರ ಗೋಡೆಗೆ ತಾಗಿದರೆ ಆಂಬುಲೆನ್ಸ್ ಸೈರನ್ ತರಹದ ದನಿ ಬರುತ್ತದೆ, ಬೂಸ್ಟ್ ಏರಿದಷ್ಟೂ ಅದೂ ಏರುತ್ತಲೇ ಹೋಗುತ್ತದೆ. ಮಧ್ಯದಲ್ಲಿ ಸಣ್ಣ ಪಟ್ಟಿಯಲ್ಲಿ ಮಾತ್ರ ಕೇಳಿಸಿ ಮಾಯವಾಗುವುದಿಲ್ಲ. ಒಂದು ನಿರ್ದಿಷ್ಟ ಒತ್ತಡದಲ್ಲಿ ಮಾತ್ರ ಹಾಡುವುದು ಸಂದಿಯ ಲಕ್ಷಣ. ಒತ್ತಡ ಇನ್ನೂ ಏರಿದರೆ ಸಂದಿ ಅಗಲವಾಗಿ ಹಾಡು ನಿಂತು ಬರೀ ‘ಸ್ಸ್’ ಉಳಿಯುತ್ತದೆ.

ಆದರೂ ಟರ್ಬೊ ನೋಡದೆ ಬಿಡಲಿಲ್ಲ. ಲಾರಿಗೆ ತೋಡಿದ ಪಿಟ್ ಮೇಲೆ ಗಾಡಿ ನಿಲ್ಲಿಸಿದೆವು. ಪಿಟ್ ಎಷ್ಟು ಅಗಲ ಅಂದರೆ ಎರಡೂ ಕಡೆ ಚಕ್ರದ ಅಂಚು ಮಾತ್ರ ನೆಲದ ಮೇಲಿತ್ತು, ನನಗೆ ಅದನ್ನೇ ನೋಡಿ ಬೆವರು. ಎಂಜಿನ್ ತಣ್ಣಗಾಗಲಿ ಅಂತ ಚಹಾ ಕುಡಿದು, ಮಿರ್ಚಿ ತಿಂದು ಕೂತೆವು. ಬಿಸಿ ಟರ್ಬೊಗೆ ಕೈ ಹಾಕಿದವನು ಮತ್ತೊಮ್ಮೆ ಹಾಕುವುದಿಲ್ಲ. ಎಂಜಿನ್ ಬಂದ್ ಮಾಡುವ ಮೊದಲೇ ಪಿಸಿವಿಯನ್ನೂ ನೋಡಿ ಮುಗಿಸಿದ್ದೆವು. ಎಂಜಿನ್ ಐಡಲ್‌ನಲ್ಲಿಟ್ಟು ಆಯಿಲ್ ಡಿಪ್‌ಸ್ಟಿಕ್ ಮೆಲ್ಲಗೆ ಎತ್ತಬೇಕು. ಪೊರೆ ಹರಿದಿದ್ದರೆ ಇದ್ದ ಕೀರಲು ನಿಂತುಹೋಗುತ್ತದೆ. ನಮ್ಮಲ್ಲಿ ಐಡಲ್‌ನಲ್ಲಿ ಕೀರಲೇ ಇರಲಿಲ್ಲ, ಎತ್ತಿದರೂ ವಿಶೇಷ ಏನಾಗಲಿಲ್ಲ. ಮೂರನೆಯ ದೋಸ್ತನ ವಾದ ಅಲ್ಲಿಗೆ ಮುಗಿಯಿತು.

ಟರ್ಬೊದ ಬಾಯಿಗೆ ಸೇರಿದ ಸಿಲಿಕಾನ್ ಪೈಪು ಬಿಚ್ಚಿ, ಕಾಕಾ ಎರಡು ಬೆರಳಲ್ಲಿ ಶಾಫ್ಟಿನ ಮೂಗು ಹಿಡಿದು ಅಲ್ಲಾಡಿಸಿದರು. ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಆಡಿತು. ನಾನು ಗಾಬರಿಯಾದೆ. ಅಷ್ಟು ಆಡಬೇಕು ಅಂದರು. ಆ ಬೇರಿಂಗು ಆಯಿಲ್ ಪದರದ ಮೇಲೆ ತೇಲುವಂಥದ್ದು, ಎಂಜಿನ್ ನಿಂತಾಗ ಆಯಿಲ್ ಒತ್ತಡ ಇರುವುದಿಲ್ಲ, ಸ್ವಲ್ಪ ಸಡಿಲ ಸಹಜ. ಹಿಂದಕ್ಕೂ ಮುಂದಕ್ಕೂ ಎಳೆದರೆ ಕೈಗೆ ಗೊತ್ತಾಗುವಷ್ಟು ಆಡಬಾರದು. ಆಡಲಿಲ್ಲ. ಚಕ್ರ ಗೋಡೆಗೆ ತಾಗಿದ ಗೆರೆಯೂ ಇಲ್ಲ. ಟಾರ್ಚ್ ಹಿಡಿದು ಒಂದೊಂದೇ ಬ್ಲೇಡಿನ ಅಂಚಿಗೆ ಉಗುರು ಆಡಿಸಿದರು. ಎಲ್ಲ ಸಾಫ್.

ಆಮೇಲೆ ಬಿಚ್ಚಿಟ್ಟ ಪೈಪಿನೊಳಗೆ ಬೆರಳು ಹಾಕಿ ಎಳೆದು ನನ್ನ ಮುಂದೆ ಹಿಡಿದರು. ಬೆರಳ ತುದಿಯಲ್ಲಿ ಕೆಂಚು ಬಣ್ಣದ ಪಸೆ. ತಿಕ್ಕಿದರೆ ಸಣ್ಣಗೆ ಕರಕರ ಅನ್ನುತ್ತಿತ್ತು.

“ಸೀಟಿ ಬಿಡ್ರಿ. ಇದನ್ನ ನೋಡ್ರಿ ಮೊದಲ.”

ಅದು ಫಿಲ್ಟರ್ ದಾಟಿ ಒಳಗೆ ಬಂದ ಧೂಳು. ಕೋನ್ ಫಿಲ್ಟರಿನ ರಬ್ಬರ್ ಕುತ್ತಿಗೆ ಪೈಪಿಗೆ ಕೂರುವ ಜಾಗದಲ್ಲಿ, ಹೋಸ್ ಕ್ಲಿಪ್ಪಿನ ಕೆಳಗೆ, ಒಣಗಿ ಸೀಳಿತ್ತು. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಬೈಪಾಸಿನಲ್ಲಿ ಆರು ಪಥದ ಕೆಲಸ ಶುರುವಾದ ಮೇಲೆ ಹುಬ್ಬಳ್ಳಿ-ಧಾರವಾಡದ ಗಾಳಿ ಹೇಗಿದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಇಂಥ ಎಣ್ಣೆ ಹಚ್ಚುವ ಬಟ್ಟೆಯ ಫಿಲ್ಟರನ್ನು ಆಗಾಗ ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಹಚ್ಚಬೇಕು. ಅಷ್ಟು ಮಾಡಿದರೂ ಕುತ್ತಿಗೆ ಸೀಳಿದ್ದರೆ ಎಲ್ಲಾ ವ್ಯರ್ಥ. ಲಕ್ಷ ಸುತ್ತಿನಲ್ಲಿ ತಿರುಗುವ ಬ್ಲೇಡಿಗೆ ಈ ಮರಳು ಬಡಿಯುತ್ತಾ ಹೋದರೆ ಅಂಚು ಸವೆಯುತ್ತದೆ. ದಾಟಿ ಹೋದದ್ದು ಸಿಲಿಂಡರಿಗೂ ಪಿಸ್ಟನ್ ರಿಂಗಿಗೂ ಕೆಲಸ ಕೊಡುತ್ತದೆ. ಇದಕ್ಕೆ ಒಂದು ಸದ್ದೂ ಇಲ್ಲ. ಸದ್ದು ಮಾಡಿದ್ದನ್ನು ಹುಡುಕುತ್ತಾ ಹೋದೆವು ಅಂತ ಇದು ಕೈಗೆ ಸಿಕ್ಕಿತು.

ಇನ್ನು ಸೀಟಿ. ಸ್ಮೋಕ್ ಟೆಸ್ಟ್ ಯಾಕೆ ಪಾಸಾಯಿತು ಅಂತ ಕಾಕಾಗೆ ಕೇಳಿದೆ. ಹೊಗೆ ಎಷ್ಟು ಒತ್ತಡದಲ್ಲಿ ಬಿಡುತ್ತಾರೆ ಅಂತ ವಾಪಸ್ ನನ್ನನ್ನೇ ಕೇಳಿದರು. ಸರಿಯಾದ ಪ್ರಶ್ನೆ. ಸಾಮಾನ್ಯ ಸ್ಮೋಕ್ ಮಷಿನ್ ಹೊಗೆ ಬಿಡುವುದು ಒಂದು ಪಿಎಸ್‌ಐ ಆಸುಪಾಸಿನಲ್ಲಿ. ನನ್ನ ಟರ್ಬೊ ಕೊಡುವುದು ಹತ್ತೊಂಬತ್ತು. ಜೋರಾಗಿ ಒತ್ತಿದಾಗ ಮಾತ್ರ ಬಾಯಿ ಬಿಡುವ ಸಂದಿಗೆ ಆ ಹೊಗೆ ತಟ್ಟುವುದೇ ಇಲ್ಲ. ಹೆಚ್ಚು ಒತ್ತಡದ ಮಷಿನ್‌ಗಳೂ ಇವೆ, ಆ ಗ್ಯಾರೇಜಿನದು ಅಂಥದ್ದಲ್ಲ ಅಷ್ಟೇ.

ಹಾಗಾಗಿ ನಾವೇ ಒಂದು ಸಾಮಾನು ಮಾಡಿಕೊಂಡೆವು. ಪ್ಲಂಬಿಂಗ್ ಅಂಗಡಿಯಿಂದ ಮೂರು ಇಂಚಿನ ಪಿವಿಸಿ ಎಂಡ್ ಕ್ಯಾಪ್ ತಂದು, ನಡುವೆ ತೂತು ಕೊರೆದು, ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದೆವು. ಆ ಕ್ಯಾಪನ್ನು ಫಿಲ್ಟರ್ ಇರುವ ಜಾಗದಲ್ಲಿ ಸಿಲಿಕಾನ್ ಪೈಪಿನ ಬಾಯಿಗೆ ಸಿಕ್ಕಿಸಿ ಕ್ಲಿಪ್ಪು ಬಿಗಿದರೆ, ಅಲ್ಲಿಂದ ಎಂಜಿನ್‌ವರೆಗಿನ ಇಡೀ ದಾರಿಗೆ ಗಾಳಿ ತುಂಬಬಹುದು. ಮನೆಯಲ್ಲಿ ಯಾರಾದರೂ ಇದನ್ನು ಮಾಡುವುದಿದ್ದರೆ ಕೆಲವು ವಿಷಯ ಗಮನದಲ್ಲಿರಲಿ. ಕ್ರ್ಯಾಂಕ್‌ಕೇಸಿನ (ಎಂಜಿನ್ ಕೆಳಹೊಟ್ಟೆಯ) ಆವಿ ಹೊರತರುವ ಬ್ರೀದರ್ ಪೈಪು ಈ ದಾರಿಗೇ ಬಂದು ಸೇರುತ್ತದೆ, ಅದರ ಬಾಯಿ ಮುಚ್ಚಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದಿಡಬೇಕು, ಇಲ್ಲದಿದ್ದರೆ ಒತ್ತಡ ಕೆಳಗೆ ಸೇರಿಕೊಂಡು ಸೀಲುಗಳು ಹೊರಬರುತ್ತವೆ. ಕ್ಯಾಪಿನ ನೇರಕ್ಕೆ ನಿಲ್ಲಲೇಬಾರದು, ಕ್ಲಿಪ್ಪು ಜಾರಿದರೆ ಅದು ಹಾರಿ ಹೊಡೆಯುತ್ತದೆ. ರೆಗ್ಯುಲೇಟರ್ ಇಲ್ಲದ ಕಂಪ್ರೆಸರಿನಿಂದ ಗಾಳಿ ಬಿಡಬಾರದು, ಹದಿನೈದು ಪಿಎಸ್‌ಐ ಮೀರಲೂ ಬಾರದು. ಆಯಿಲ್ ಮುಚ್ಚಳದ ಬಾಯಿಂದ ಸಣ್ಣಗೆ ಗಾಳಿ ಬರುವುದು ಕೇಳಿಸುತ್ತದೆ. ತೆರೆದ ವಾಲ್ವಿನಿಂದ ಸಿಲಿಂಡರಿಗೆ ಹೋಗಿ ರಿಂಗು ದಾಟಿ ಬರುವುದು ಅದು, ಅದನ್ನೇ ಸೋರಿಕೆ ಅಂದುಕೊಳ್ಳಬೇಡಿ.

ಕಾಕಾನ ಹುಡುಗ ಸೋಪಿನ ನೀರಿನ ಸ್ಪ್ರೇ ಹಿಡಿದು ಪಿಟ್ಟಿಗೆ ಇಳಿದ. ಐದು ಪಿಎಸ್‌ಐಗೆ ಏನೂ ಇಲ್ಲ. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಹೋಸುಗಳ ಸಂದಿಗಳಿಗೆಲ್ಲ ಹೊಡೆದ, ಒಂದು ಗುಳ್ಳೆ ಇಲ್ಲ. ಎಂಟಕ್ಕೂ ಇಲ್ಲ. ಹತ್ತು ದಾಟಿದಾಗ ಮೂವರೂ ಒಮ್ಮೆಲೇ ಕತ್ತೆತ್ತಿದೆವು. ಎಂಜಿನ್ ಬಂದ್ ಇದೆ, ಗಾಡಿ ನಿಂತಿದೆ, ಒಳಗಿನಿಂದ ಅದೇ ದನಿ, ಸಣ್ಣಗೆ. ಹೂಂ.

“ಸಿಕ್ತು, ಸಿಕ್ತು” ಅಂತ ಹುಡುಗ ಕೆಳಗಿನಿಂದ ಕೂಗಿದ. ಮಫ್ಲರ್ ಕಿತ್ತು ಹಾಕಿದ್ದ ಆ ಅಲ್ಯೂಮಿನಿಯಂ ಕೊಳವೆ ಟರ್ಬೊಗೆ ಕೂರುವ ಅಂಚಿನಲ್ಲಿ ಸೋಪಿನ ನೀರು ಬುರುಬುರು ಉಕ್ಕುತ್ತಿತ್ತು.

ಕೊಳವೆ ಬಿಚ್ಚುವುದು ಲಾರಿ ಅಂಗಡಿಯಲ್ಲಿ ತಲೆನೋವಾಯಿತು. ಬೋಲ್ಟುಗಳು ಟಾರ್ಕ್ಸ್ ತಲೆಯವು, ಕಾಕಾನ ಹತ್ತಿರ ಆ ಬಿಟ್ ಇಲ್ಲ. ನನ್ನ ಡಿಕ್ಕಿಯಲ್ಲಿದ್ದ ಸೆಟ್ ಉಪಯೋಗಕ್ಕೆ ಬಂತು. ಒಳಗಿನ ಓ-ರಿಂಗ್ ಹೊರಗೆ ಬಂದಾಗ ನೋಡಬೇಕಿತ್ತು. ಒಂದು ಕಡೆ ತಿರುಚಿಕೊಂಡು ಚಪ್ಪಟೆಯಾಗಿತ್ತು, ಅದರ ಪಕ್ಕಕ್ಕೇ ಉಗುರಿನಷ್ಟು ಉದ್ದದ ಸೀಳು. ಹಿಂದೆ ಕೂರಿಸಿದವರು ಆಯಿಲ್ ಸವರದೆ ಒಣ ರಿಂಗನ್ನೇ ಒತ್ತಿ ಬೋಲ್ಟ್ ಬಿಗಿದಿದ್ದಾರೆ. ತೋಡಿನಿಂದ ಎದ್ದು ಅಂಚಿಗೆ ಸಿಕ್ಕಿಕೊಂಡಿದೆ. ಅಷ್ಟು ದಿನ ಹೇಗೋ ತಡೆದು, ಕೊನೆಗೆ ಸೀಳಿದೆ.

ಕಾಕಾ ಹಳೇ ರಿಂಗನ್ನು ಕಿಸೆಯಲ್ಲಿ ಹಾಕಿಕೊಂಡು ಗೋಡೆಯ ಹತ್ತಿರ ಹೋದರು. ಕಡ್ಡಿಯಿಂದ ಕಡ್ಡಿಗೆ ಬೆರಳು ಆಡಿಸಿ, ಕ್ಯಾಲಿಪರ್ ಹಿಡಿದು ದಪ್ಪವೂ ಸುತ್ತಳತೆಯೂ ಹೊಂದುವ ಕಂದು ಬಣ್ಣದ್ದೊಂದು ತೆಗೆದರು. ವೈಟಾನ್ ರಬ್ಬರಿನದು, ಶಾಖವನ್ನೂ ಆಯಿಲನ್ನೂ ತಡೆಯುತ್ತದೆ. ಯಾವ ಲಾರಿಯದು ಅಂತ ಕೇಳಿದೆ. ರಿಂಗಿಗೆ ಲಾರಿ ಕಾರು ಗೊತ್ತಿಲ್ಲ, ಸೈಜು ಗೊತ್ತು ಅಂದರು. ಹೊಸ ಎಂಜಿನ್ ಆಯಿಲ್ ಸವರಿ, ತೋಡಿನಲ್ಲಿ ಸುತ್ತಲೂ ಬೆರಳಿನಿಂದ ಒತ್ತಿ, ಬೋಲ್ಟುಗಳನ್ನು ಸರದಿ ಮೇಲೆ ಸ್ವಲ್ಪಸ್ವಲ್ಪವೇ ಬಿಗಿದರು. ಮತ್ತೆ ಗಾಳಿ ತುಂಬಿದೆವು. ಹದಿನೈದಕ್ಕೂ ಗುಳ್ಳೆ ಇಲ್ಲ. ರಿಂಗಿನ ಬೆಲೆ ಆ ಹೊತ್ತು ತಿಂದ ಮಿರ್ಚಿ, ಚಹಾದ ಬಿಲ್ಲಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಕೂಲಿ ಬೇರೆ ಕೊಟ್ಟೆ, ಕೇಳಿದ್ದಕ್ಕಿಂತ ಜಾಸ್ತಿಯೇ ಕೊಟ್ಟೆ.

ಹೊಸ ಲಾಗಿನಲ್ಲಿ ಎರಡೂ ಗೆರೆ ಮೇಲಿನವರೆಗೂ ಜೊತೆಗಿದ್ದವು. ಏರಿನಲ್ಲಿ ಹೂಂಕಾರ ಇಲ್ಲ.

‘ಟುಟುಟು’ ಮಾತ್ರ ಇತ್ತು. ಇದರಲ್ಲಿ ಕಾಕಾ ಕೈ ಎತ್ತಿದರು. ಡೀಸೆಲ್ ಲಾರಿಯಲ್ಲಿ ಪೆಟ್ರೋಲ್ ಗಾಡಿಯ ಹಾಗೆ ಕಾಲು ತೆಗೆದ ಕೂಡಲೇ ಗಾಳಿಯ ದಾರಿ ಮುಚ್ಚುವುದಿಲ್ಲ, ಹಾಗಾಗಿ ಡೈವರ್ಟರ್ ವಾಲ್ವ್ ಅನ್ನುವುದೇ ಅವರ ಲೋಕದಲ್ಲಿಲ್ಲ.

ಪೆಟ್ರೋಲಿನಲ್ಲಿ ಕಾಲು ತೆಗೆದಾಗ ಥ್ರಾಟಲ್ ಮುಚ್ಚುತ್ತದೆ. ಟರ್ಬೊ ಇನ್ನೂ ತಿರುಗುತ್ತಲೇ ಇರುತ್ತದೆ. ತುಂಬಿದ ಗಾಳಿಗೆ ಹೋಗಲು ಜಾಗ ಬೇಕು. ಡೈವರ್ಟರ್ ವಾಲ್ವ್ ತೆರೆದು ಅದನ್ನು ಟರ್ಬೊಗೆ ಗಾಳಿ ತರುವ ಪೈಪಿಗೆ ವಾಪಸ್ ಕಳಿಸುತ್ತದೆ. ಈ ಗಾಡಿಯಲ್ಲಿ ಅದು ವಿದ್ಯುತ್ತಿನಿಂದ ನಡೆಯುವಂಥದ್ದು, ಇಸಿಯು ಹೇಳಿದಾಗ ಮಾತ್ರ ತೆರೆಯುತ್ತದೆ. ಕಾಲು ಅರ್ಧ ತೆಗೆದರೆ ಕೆಲವೊಮ್ಮೆ ಇಸಿಯು ಹೇಳುವುದಿಲ್ಲ. ಆಗ ಗಾಳಿ ಬಂದ ದಾರಿಯಲ್ಲೇ ಬ್ಲೇಡುಗಳ ಮೂಲಕ ಹಿಂದಕ್ಕೆ ನುಗ್ಗುತ್ತದೆ, ಬ್ಲೇಡು ಅದನ್ನು ಕತ್ತರಿಸುತ್ತದೆ. ಆ ಪಡಪಡ ಇದೇ. ಕಡಿಮೆ ಬೂಸ್ಟಿನಲ್ಲಿ ಆಗೊಮ್ಮೆ ಈಗೊಮ್ಮೆ ಬಂದರೆ ಪರವಾಗಿಲ್ಲ. ಪೂರ್ತಿ ಬೂಸ್ಟಿನಲ್ಲಿ ಪ್ರತಿ ಸಲ ಬಂದರೆ ಶಾಫ್ಟ್ ಹಿಂದೆಮುಂದೆ ಆಡದಂತೆ ಹಿಡಿಯುವ ಟರ್ಬೊದ ಥ್ರಸ್ಟ್ ಬೇರಿಂಗಿಗೆ ಒಳ್ಳೆಯದಲ್ಲ. ಕೋನ್ ಫಿಲ್ಟರಿನ ತೆರೆದ ಬಾಯಿಂದ ಇದು ನಿಜಕ್ಕಿಂತ ದೊಡ್ಡದಾಗಿ ಕೇಳುತ್ತದೆ ಅನ್ನುವುದೂ ನಿಜ.

ಒಂದು ಭಾನುವಾರ ಸ್ಪೇಸರ್ ತಟ್ಟೆ ಕಿತ್ತು ವಾಲ್ವನ್ನು ಅದರ ಮೂಲ ಜಾಗದಲ್ಲೇ ಕೂರಿಸಿದೆ. ಹಳೇ ಕೋನ್ ಫಿಲ್ಟರ್ ಮತ್ತೆ ಹಾಕುವ ಮನಸ್ಸಾಗಲಿಲ್ಲ. ಕಂಪನಿಯ ಏರ್‌ಬಾಕ್ಸ್ ಹಳೇ ಮಾಲೀಕರ ಹತ್ತಿರ ಇರಲಿಲ್ಲ, ಬೆಂಗಳೂರಿನಿಂದ ಸೆಕೆಂಡ್‌ಹ್ಯಾಂಡ್ ತರಿಸಿ ಹೊಸ ಪೇಪರ್ ಫಿಲ್ಟರ್ ಹಾಕಿದೆ. ಇಷ್ಟು ಬೂಸ್ಟಿಗೆ ಆ ಡಬ್ಬಿ ಸಾಕಾಗುವುದಿಲ್ಲ ಅನ್ನುವವರಿದ್ದಾರೆ. ನನ್ನ ಲಾಗಿನಲ್ಲಿ ಗೆರೆಗಳು ಕದಲಲಿಲ್ಲ, ನನಗೆ ಅಷ್ಟು ಸಾಕು. ಇನ್ನೊಂದು ಕಾರಣವೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಮೊದಲೇ ಮಾಡಿಫೈ ಆದ ಗಾಡಿ ಕೊಳ್ಳುವವರು ಆರ್‌ಸಿ, ಇನ್ಶೂರೆನ್ಸ್ ನೋಡುವ ಹೊತ್ತಿಗೇ ಇದನ್ನೂ ಯೋಚಿಸಿಕೊಳ್ಳಿ. ಆ ಅಲ್ಯೂಮಿನಿಯಂ ಕೊಳವೆಯ ಜಾಗಕ್ಕೆ ಕಂಪನಿಯ ಮಫ್ಲರ್ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದೇನೆ.

ಈಗ ಗಾಡಿ ಎಷ್ಟು ಸುಮ್ಮನಿದೆ ಅಂದರೆ ಐಡಲ್‌ನಲ್ಲಿ ಇಂಜೆಕ್ಟರುಗಳ ಚಟಚಟ ಕೇಳುತ್ತದೆ. ಮೊದಲೂ ಇತ್ತು, ಗದ್ದಲದಲ್ಲಿ ಗೊತ್ತಾಗುತ್ತಿರಲಿಲ್ಲ. ಸಿಲಿಂಡರಿಗೆ ನೇರವಾಗಿ ಹೆಚ್ಚು ಒತ್ತಡದಲ್ಲಿ ಪೆಟ್ರೋಲ್ ಚಿಮ್ಮಿಸುವ ಎಂಜಿನ್‌ಗಳಲ್ಲಿ ಇದು ಇರಬೇಕಾದ ಸದ್ದೇ. ಟರ್ಬೊ ಹೋಯಿತು ಅಂದಿದ್ದ ದೋಸ್ತ ಮತ್ತೊಮ್ಮೆ ಬಂದು ಕೂತು, “ಏನಲೇ, ಮೊದಲಿನ ಮಜಾ ಇಲ್ಲ” ಅಂದ. ಚಟಚಟದ ಬಗ್ಗೆಯೂ ಏನೋ ಹೇಳಲು ಹೊರಟಿದ್ದ, ನಾನು ರೇಡಿಯೊ ಹಚ್ಚಿದೆ.

ಆಯಿಲ್ ಬದಲಿಸುವಾಗ ಸಿಲಿಕಾನ್ ಪೈಪು ಬಿಚ್ಚಿ ಒಳಗೆ ಬೆರಳು ಆಡಿಸುತ್ತೇನೆ. ಈ ಸಲ ಬ್ರೀದರಿನಿಂದ ಬಂದ ತೆಳು ಆಯಿಲ್ ಪಸೆ ಮಾತ್ರ ಇತ್ತು, ಕರಕರ ಇರಲಿಲ್ಲ. ಪಿವಿಸಿ ಕ್ಯಾಪನ್ನು ಕಾಕಾ ವಾಪಸ್ ಕೊಟ್ಟಿಲ್ಲ. ಅದೇ ನಮೂನೆಯಲ್ಲಿ ನಾಲ್ಕು ಇಂಚಿನದು, ಐದು ಇಂಚಿನದು ಮಾಡಿಸಿಕೊಂಡು ಲಾರಿಗಳ ಇಂಟರ್‌ಕೂಲರ್ ಹೋಸ್ ಟೆಸ್ಟ್ ಮಾಡುತ್ತಿದ್ದಾರೆ.